ಭಾನುವಾರ ಬೆಳಗ್ಗೆ 7ಕ್ಕೆ ಎಂ.ಜಿ. ರೋಡ್ ನಡಿಗೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎಂ.ಜಿ. ರೋಡ್ ಸುಧಾರಣೆ ಬಗ್ಗೆ ನಮ್ಮ ಸಲಹೆ ಬರೆಯೋ ಮೊದಲು ಒಮ್ಮೆ ನಡೆದು ನೋಡೋಣ. ಅನಿಲ್ ಕುಂಬ್ಳೆ ವೃತ್ತದಲ್ಲಿ ಸೇರಿ ಟ್ರಿನಿಟಿ ಸರ್ಕಲ್‌ವರೆಗೆ.

ರಸ್ತೆ ಬದಿ ಮರಗಳ ನೆರಳಲ್ಲಿ ಇದ್ದ ನಡಿಗೆ ದಾರಿ, ಆ ಹಳೇ ಬುಲೆವಾರ್ಡ್ ವಾಪಸ್ ಬೇಕು ಅಂತ ಕೆಲವರು ಬರೆದಿದ್ದೀರಿ. ನನಗೂ ಆಸೆಯೇ, ಆದರೆ ಅಲ್ಲಿ ಮೆಟ್ರೋ ಬಂದಿದೆ, 2011ರಿಂದ ರೈಲು ಓಡ್ತಿದೆ. ಆ ಮಾತು ಬಿಡೋಣ. ಈಗ ಕೈಗೆಟುಕೋದು ಫುಟ್‌ಪಾತ್.

ಟೇಪ್ ಇರೋರು ತನ್ನಿ. ಕಂಬ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು ಎಲ್ಲ ಕಳೆದು ನಡೆಯೋಕೆ ಎಷ್ಟು ಜಾಗ ಉಳಿಯುತ್ತೆ, ಅಳೆಯೋಣ. ರಸ್ತೆಗಳ ಮಾನದಂಡ ರೂಪಿಸೋ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದೆ ಸಿಗಬೇಕು.

ಹಿಂದೆಯೇ ಇರೋ ಚರ್ಚ್ ಸ್ಟ್ರೀಟನ್ನೂ ಒಂದು ಸುತ್ತು ಹಾಕೋಣ. 2018ರಲ್ಲಿ ಕಲ್ಲುಹಾಸು ಮಾಡಿ, ಮತ್ತೆ ಮತ್ತೆ ಅಗೆಯೋದು ಬೇಡ ಅಂತ ಪೈಪು, ಕೇಬಲ್ಲನ್ನು ನೆಲದಡಿಯ ಡಕ್ಟ್‌ಗೆ ಹಾಕಿದ ರಸ್ತೆ ಅದು. ಡಕ್ಟ್ ನಾವೂ ಕೇಳಲೇಬೇಕು. ಕಲ್ಲು ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ: ಗಾಡಿ ಓಡಾಡಿ ಅಲ್ಲಲ್ಲಿ ಕಿತ್ತು ಬಂದಿತ್ತು. ನಿರ್ವಹಣೆ ಯಾರದ್ದು, ಎಷ್ಟು ವರ್ಷ ಅನ್ನೋದು ಟೆಂಡರ್‌ನಲ್ಲೇ ಇರಲಿ.

ಮಳೆ ಬಂದರೂ ನಡಿಗೆ ಇದೆ, ನೀರೆಲ್ಲಿ ನಿಲ್ಲುತ್ತೆ ಅಂತ ನೋಡಬೇಕಲ್ಲ. ಬರೋರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.