ಗೆಳೆಯನಿಗೊಂದು ಪತ್ರ: ಮೊದಲ ಅಂಗಿ ಕ್ಷೌರಿಕನಿಗೆ

ಪ್ರಿಯ ಗೆಳೆಯಾ,

ಸಲೂನಿನ ಹೆಸರಲ್ಲೇ ಗಂಡಸರ ಬಟ್ಟೆಯ ಬ್ರ್ಯಾಂಡ್ ತೆಗೆಯುವ ನಿನ್ನ ಯೋಚನೆ ನನಗೆ ತುಂಬ ಹಿಡಿಸಿದೆ. ಕ್ಷೌರದಂಗಡಿಗೂ ವ್ಯಾಪಾರಕ್ಕೂ ಇರುವ ಈ ನಂಟಿಗೆ ಆಳವಾದ ಬೇರುಗಳಿವೆ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ ಅಲೊಂಜೊ ಹರ್ನ್‌ಡನ್ ಅಟ್ಲಾಂಟಾದಲ್ಲಿ ಕ್ಷೌರದಂಗಡಿಗಳನ್ನು ನಡೆಸಿ, ಆ ದುಡಿಮೆಯ ಬಲದಿಂದಲೇ 1905ರಲ್ಲಿ ವಿಮಾ ಕಂಪನಿ ಕಟ್ಟಿದರು. ಅಲ್ಲಿನ ಕಪ್ಪು ಜನರ ಬಡಾವಣೆಗಳಲ್ಲಿ ಹರಟೆ, ರಾಜಕೀಯ, ಸಂಗೀತ, ವ್ಯಾಪಾರ ಎಲ್ಲಕ್ಕೂ ಕ್ಷೌರದಂಗಡಿಯೇ ಕಟ್ಟೆ. ಹಿಪ್‌ಹಾಪ್ ಸಂಗೀತ ಬೆಳೆದಾಗ ಫೇಡ್ ಕಟ್ಟೂ (ಮೇಲಿಂದ ಕೆಳಕ್ಕೆ ಕೂದಲು ಕಿರಿದಾಗುತ್ತ ಹೋಗುವ ಕ್ಷೌರ) ದೊಗಲೆ ಅಂಗಿಯೂ ಒಟ್ಟಿಗೇ ಬೀದಿಗಿಳಿದವು. 1989ರ ಕ್ರಾಸ್ ಕಲರ್ಸ್, 1992ರ ಫುಬು ಎಂಬ ಬಟ್ಟೆ ಬ್ರ್ಯಾಂಡುಗಳು ಹುಟ್ಟಿದ್ದು ಅದೇ ನೆಲದಲ್ಲಿ. ಹೀಗಿರುವಾಗ ಎದೆಯ ಮೇಲೊಂದು ಕತ್ತರಿಯ ಚಿತ್ರ ಅಚ್ಚೊತ್ತಿದರೆ ಸಾಲದು. ದಿನವಿಡೀ ಕುರ್ಚಿಯ ಪಕ್ಕ ನಿಲ್ಲುವವನು ಕೆಲಸಕ್ಕೆ ಹಾಕಿಕೊಳ್ಳುವಂತಿರಬೇಕು ನಿನ್ನ ಅಂಗಿ.

ಕ್ಷೌರಿಕನ ಕೈ ಸದಾ ಎದೆಮಟ್ಟದಲ್ಲಿ, ಕೆಲವೊಮ್ಮೆ ಇನ್ನೂ ಮೇಲೆ. ದೊಗಲೆ ಅಂಗಿಗಳಲ್ಲಿ ಕಂಕುಳ ಹೊಲಿಗೆ ತೀರ ಕೆಳಗಿರುತ್ತದೆ. ಕೈ ಎತ್ತಿದೊಡನೆ ಅಂಗಿಯೇ ಮೇಲಕ್ಕೆ ಬಂದು ಹೊಟ್ಟೆ ಕಾಣುತ್ತದೆ. ಉದ್ದ ಹೆಚ್ಚಿಸಿದರೆ ಹೊಟ್ಟೆ ಮುಚ್ಚೀತು, ಎಳೆತ ತಪ್ಪದು. ಅಗಲ ಹಾಗೇ ಇರಲಿ, ಕಂಕುಳನ್ನು ಮೇಲೆ ತರಿಸು. ಮಾದರಿ ಅಂಗಿಯನ್ನು ಯಾವಾಗಲೂ ಕೈ ಎತ್ತಿಸಿಯೇ ನೋಡು. ಕೈ ಇಳಿಬಿಟ್ಟು ತೆಗೆದ ಫೋಟೊದಲ್ಲಿ ಈ ದೋಷ ಕಾಣುವುದೇ ಇಲ್ಲ.

ಇನ್ನು ಕೂದಲು. ಕ್ಷೌರದ ಯಂತ್ರಕ್ಕೆ ಸಿಕ್ಕಿಸುವ 1ನೇ ನಂಬರಿನ ಗಾರ್ಡ್ (ಬಾಚಣಿಗೆಯಂಥ ತುಂಡು) ಉಳಿಸುವುದು ಸುಮಾರು 3 ಮಿ.ಮೀ., 2ನೆಯದು 6 ಮಿ.ಮೀ. ಫೇಡ್ ಬೆರೆಸುವಾಗ ಉದುರುವುದು ಬಹುಪಾಲು ಇಂಥ ಚೂರುಗಳೇ. ಹೆಣಿಗೆ ಬಟ್ಟೆಯ ಕುಣಿಕೆಗಳಿಗೆ ಅವು ಸೂಜಿಯ ಹಾಗೆ ಹೊಕ್ಕು ಒಗೆದರೂ ಬರುವುದಿಲ್ಲ, ಮೈಗೆ ಚುಚ್ಚುತ್ತಲೇ ಇರುತ್ತವೆ. ಜುಂಗು ಎಬ್ಬಿಸಿದ ಫ್ಲೀಸ್ ಬಟ್ಟೆಯ ಹೂಡಿ (ಟೋಪಿಯಿರುವ ಅಂಗಿ) ಈ ಕೆಲಸಕ್ಕೆ ಆಗದು. ಮೇಲಂಗಿಗೆ ಒತ್ತಾಗಿ ನೇಯ್ದ ನೈಲಾನ್ ಒಳ್ಳೆಯದು, ಕೊಡವಿದರೆ ಕೂದಲು ಜಾರುತ್ತದೆ. ಒಣಹವೆಯಲ್ಲಿ ಅದಕ್ಕೆ ಸ್ಥಿರವಿದ್ಯುತ್ ಹಿಡಿದರೆ ಮಾತ್ರ ಕೂದಲು ಮತ್ತೆ ಅಂಟುತ್ತದೆ, ಆದ್ದರಿಂದ ಅದನ್ನು ತಡೆಯುವ ಆ್ಯಂಟಿಸ್ಟ್ಯಾಟಿಕ್ ಫಿನಿಶ್ ಕೇಳು. ಪಕ್ಕಕ್ಕೆ ಬಾಯಿ ತೆರೆದ ಓರೆ ಜೇಬು ಇಡಿಸು. ಮೇಲೆ ಬಾಯಿ ತೆರೆದ ಜೇಬು ಸಂಜೆಯೊಳಗೆ ಕೂದಲಿಂದ ತುಂಬಿರುತ್ತದೆ.

ಟೀ ಶರ್ಟಿಗೆ 240 ಜಿಎಸ್‌ಎಂ (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ) ಹತ್ತಿ ಸಾಕು. ಹೇಳಿದಷ್ಟು ತೂಕ ಇದೆಯೋ ಇಲ್ಲವೋ ನೀನೇ ನೋಡು: 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡು 2.4 ಗ್ರಾಂ ತೂಗಬೇಕು. ಬಟ್ಟೆಯ ಮೇಲೆ 50 ಸೆಂ.ಮೀ. ಚೌಕ ಬರೆದು ಮೂರು ಸಲ ಒಗೆದು ಒಣಗಿಸು. ಯಾವುದೇ ಬದಿ 47.5ಕ್ಕಿಂತ ಕಡಿಮೆಯಾದರೆ ಆ ಥಾನು ಬೇಡ. ಚೌಕ ಓರೆಯಾಗಿದ್ದರೂ ಬೇಡ, ಅಂಥ ಬಟ್ಟೆಯಲ್ಲಿ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬರುತ್ತದೆ. ಕೊರಳಿಗೆ ಸ್ವಲ್ಪ ಎಲಾಸ್ಟೇನ್ (ಹಿಗ್ಗುವ ನೂಲು) ಇರುವ ರಿಬ್ (ಗೆರೆಗೆರೆಯ ಹೆಣಿಗೆ ಪಟ್ಟಿ) ಹಾಕಿಸಿ, ಅಂಗಿಯ ಕೊರಳಿನ ಸುತ್ತಳತೆಯ ಶೇ. 85ರಷ್ಟು ಉದ್ದಕ್ಕೆ ಕತ್ತರಿಸಲು ಹೇಳು. ಉದ್ದ ಹೆಚ್ಚಾದರೆ ಕೊರಳು ಅಲೆಯಲೆಯಾಗಿ ಜೋತುಬೀಳುತ್ತದೆ.

ಅಚ್ಚಿನಲ್ಲಿ ಎಡವುವವರೇ ಹೆಚ್ಚು. ಬಟ್ಟೆಯ ಮೇಲೆ ಅಚ್ಚು ಹಾಕುವ ಸಾಮಾನ್ಯ ಪ್ಲಾಸ್ಟಿಸಾಲ್ (ಕಾವಿಗೆ ಗಟ್ಟಿಯಾಗುವ ಪ್ಲಾಸ್ಟಿಕ್) ಶಾಯಿಯ ಪದರ ಪೂರ್ತಿ 160 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಮೇಲ್ಮೈ ಮಾತ್ರ ಬಿಸಿಯಾದರೆ ಒಗೆದಾಗ ಒಡೆಯುತ್ತದೆ. ಆರಿದ ಮೇಲೆ ಅಚ್ಚನ್ನು ಎಳೆದು ನೋಡು, ಬಿರುಕು ಕಂಡರೆ ಕಾವು ಸಾಲಲಿಲ್ಲ ಎಂದೇ ಲೆಕ್ಕ. ನೈಲಾನ್ ಮೇಲಂಗಿಗೆ ಈ ಶಾಯಿ ಹಾಗೇ ಹಿಡಿಯದು, ಅಂಟುಗೂಡಿಸುವ ದ್ರಾವಣ ಬೆರೆಸಬೇಕು. ಅದಕ್ಕಿಂತ ಕಸೂತಿಯ ಪಟ್ಟಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಮೊದಲ ಸುತ್ತಿನಲ್ಲಿ ಒಂದೇ ಬಣ್ಣದ ಅಚ್ಚು, ಎರಡೇ ಬಣ್ಣದ ಬಟ್ಟೆ. ಕಪ್ಪು ಹತ್ತಿಯ ಮೇಲೆ ತಲೆಗೂದಲಿನ ಬ್ಲೀಚ್ ಸಿಡಿದರೆ ಕೆಂಚು ಕಲೆ ಉಳಿಯುವುದರಿಂದ ಎರಡನೆಯದು ತಿಳಿಬೂದು ಇರಲಿ. ಎಸ್, ಎಂ, ಎಲ್, ಎಕ್ಸ್‌ಎಲ್ ಅಳತೆಗಳನ್ನು 1:2:2:1ರಂತೆ ಹೊಲಿಸು. ಮಾದರಿ ಅಂಗಿ ಬಂದ ಕೂಡಲೇ ಕಂಕುಳ ಅಳತೆ ಕಳಿಸು, ನೋಡಿ ಹೇಳುತ್ತೇನೆ.

ನಿನ್ನ ಗೆಳೆಯ