ಗದ್ದುಗೆ ಸಿಕ್ಕ ಮರುದಿನ

ಪ್ರಿಯ ಕಿರಿಯ ಗೆಳತಿಗೆ ನಮಸ್ಕಾರಗಳು.

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಹಳ್ಳಿಯ ಹಾಲಿನ ಸಂಘದ ಅಧ್ಯಕ್ಷನನ್ನು ಖಳನಾಗಿ ಆರಿಸಿಕೊಂಡಿರುವುದು ನನಗೆ ಬಹಳ ಹಿಡಿಸಿತು. ಅವನಿಗೆ ಹಣದ ಆಸೆಯಿಲ್ಲ, ತೀರಿಸಿಕೊಳ್ಳಬೇಕಾದ ಸೇಡಿಲ್ಲ, ಅಧಿಕಾರವೊಂದೇ ಬೇಕು ಎಂದು ಮೊದಲ ಆರು ಅಧ್ಯಾಯಗಳಲ್ಲಿ ಧೈರ್ಯವಾಗಿ ಬರೆದ ನೀವು, ಏಳನೆಯದಕ್ಕೆ ಬರುವಾಗ ಅಳುಕಿದ್ದೀರಿ ಎಂದು ತೋರುತ್ತದೆ. ಅವನ ಬಾಲ್ಯದಲ್ಲಿ ಜಮೀನ್ದಾರನೊಬ್ಬ ಅವನ ತಂದೆಯನ್ನು ಕಂಬಕ್ಕೆ ಕಟ್ಟಿ ಹೊಡೆಸಿದ ಪ್ರಸಂಗವನ್ನು ತಂದು, ಇವನು ಹೀಗಾದದ್ದು ಅದರಿಂದಲೇ ಎಂದು ಓದುಗರಿಗೆ ಸಮಾಧಾನ ಹೇಳಿದ್ದೀರಿ. ಈ ಪತ್ರ ಬರೆಯುತ್ತಿರುವುದು ಆ ಅಧ್ಯಾಯದ ಸಲುವಾಗಿ.

ಕಾರಣವುಳ್ಳ ಖಳರು ಬೇಡವೆಂದು ನಾನು ಹೇಳುತ್ತಿಲ್ಲ. ಸಾವಿರ ವರ್ಷಗಳ ಹಿಂದೆ ರನ್ನ ಕಂಡ ದುರ್ಯೋಧನನಿಗೆ ಕಾರಣವಿದೆ, ಅದೂ ಎಂಥ ಕಾರಣ! ‘ನೆಲಕಿರಿವೆನೆಂದು ಬಗೆದಿರೆ ಚಲಕಿರಿವೆಂ’, ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಹೋರಾಡುತ್ತೇನೆ ಎನ್ನುವ ಅವನಿಗೆ, ಕರ್ಣನನ್ನು ಕೊಲ್ಲಿಸಿದ ಆ ನೆಲ ಬರಿಯ ಪಾಳುನೆಲ. ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುತ್ತ, ವೈರಿಯ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು ಮೆಚ್ಚಿ ಮಾತಾಡುವ ಮನುಷ್ಯ ಅವನು. ಯಾರಿಗಾಗಿ ಅಳುತ್ತಾನೆ ಎಂಬುದರಿಂದಲೇ ಅವನು ಯಾರೆಂದು ನಮಗೆ ತಿಳಿಯುತ್ತದೆ. ನಿಮ್ಮ ಅಧ್ಯಕ್ಷ ಅಳುವವನಲ್ಲ. ಅವನಿಗೆ ಎರವಲು ತಂದ ಕಣ್ಣೀರು ಒಗ್ಗುವುದಿಲ್ಲ.

ನಿಮ್ಮವನ ನಿಜವಾದ ಬಂಧು ಜಾರ್ಜ್ ಆರ್ವೆಲ್ಲನ ‘1984’ ಕಾದಂಬರಿಯಲ್ಲಿ ಎಲ್ಲರನ್ನೂ ಹಿಡಿತದಲ್ಲಿಟ್ಟುಕೊಂಡ ಪಕ್ಷದ ಅಧಿಕಾರಿ ಓಬ್ರಿಯನ್. ಅದು ಪ್ರಕಟವಾದದ್ದು 1949ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಜೇಮ್ಸ್ ಬರ್ನ್‌ಹ್ಯಾಮ್ ಎಂಬ ರಾಜಕೀಯ ಚಿಂತಕನ ಬಗ್ಗೆ ಬರೆದ ಪ್ರಬಂಧದಲ್ಲಿ ಆರ್ವೆಲ್ ಒಂದು ಆಕ್ಷೇಪ ಎತ್ತಿದ್ದ: ಅಧಿಕಾರದ ಹೋರಾಟದ ಬಗ್ಗೆ ಇಷ್ಟೆಲ್ಲ ಬರೆಯುವ ಈತ, ಜನರಿಗೆ ಅಧಿಕಾರ ಏಕೆ ಬೇಕು ಎಂದು ಒಮ್ಮೆಯೂ ಕೇಳಿಕೊಳ್ಳುವುದಿಲ್ಲ, ಅದು ಊಟದ ಹಸಿವಿನಂತೆ ವಿವರಣೆ ಬೇಡದ ಸಹಜ ಪ್ರವೃತ್ತಿ ಎಂದುಕೊಂಡುಬಿಟ್ಟಿದ್ದಾನೆ ಎಂದು. ಕಾದಂಬರಿಯ ನಾಯಕ ವಿನ್‌ಸ್ಟನ್ ತನ್ನ ದಿನಚರಿಯಲ್ಲಿ ಬರೆದುಕೊಳ್ಳುವುದೂ ಅದನ್ನೇ. ಹೇಗೆ ಎಂಬುದು ಅರ್ಥವಾಗುತ್ತದೆ, ಏಕೆ ಎಂಬುದು ಅರ್ಥವಾಗುತ್ತಿಲ್ಲ. ಸೆರೆಯಲ್ಲಿ ಓಬ್ರಿಯನ್ ಆ ಪ್ರಶ್ನೆಯನ್ನು ಅವನಿಗೇ ಹಾಕುತ್ತಾನೆ. ನಮ್ಮ ಒಳಿತಿಗಾಗಿಯೇ ನೀವು ನಮ್ಮನ್ನು ಆಳುತ್ತಿದ್ದೀರಿ ಎಂದು ವಿನ್‌ಸ್ಟನ್ ಉತ್ತರಿಸತೊಡಗಿದ ಕೂಡಲೇ ಚಿತ್ರಹಿಂಸೆಯ ಯಂತ್ರದ ನೋವು ಅವನ ಮೈಯೊಳಗೆ ಹರಿಯುತ್ತದೆ. ಅದು ದಡ್ಡ ಉತ್ತರ. ಅಧಿಕಾರ ಯಾವುದಕ್ಕೂ ಸಾಧನವಲ್ಲ, ಅದೇ ಗುರಿ ಎಂದು ಓಬ್ರಿಯನ್ ಬಿಡಿಸಿ ಹೇಳುತ್ತಾನೆ. ಓಬ್ರಿಯನ್ನನ ಬಾಲ್ಯ ಹೇಗಿತ್ತೆಂದು ಆರ್ವೆಲ್ ಎಲ್ಲಿಯೂ ಹೇಳುವುದಿಲ್ಲ ಎಂಬುದನ್ನು ಗಮನಿಸಿ. ಹೇಳಿದ್ದರೆ ನಾವು ಅವನನ್ನು ಅರ್ಥಮಾಡಿಕೊಂಡು ನೆಮ್ಮದಿಯಿಂದ ಪುಸ್ತಕ ಮುಚ್ಚುತ್ತಿದ್ದೆವು. ನಿಮ್ಮ ಏಳನೆಯ ಅಧ್ಯಾಯ ಓದುಗರ ಬಾಯಿಗೆ ಇಡುತ್ತಿರುವುದು ವಿನ್‌ಸ್ಟನ್ನನ ಉತ್ತರದಂಥದ್ದೇ ಒಂದು ಉತ್ತರವನ್ನು.

ಆದರೆ ಕಾರಣವನ್ನು ಕಿತ್ತುಹಾಕಿದ ಮಾತ್ರಕ್ಕೆ ಖಳ ಜೀವಂತನಾಗುವುದಿಲ್ಲ, ಕಾರಣ ಖಾಲಿ ಮಾಡಿದ ಜಾಗದಲ್ಲಿ ಕೆಲಸ ತುಂಬಬೇಕು. ಅಧಿಕಾರ ತನ್ನಲ್ಲಿದೆ ಎಂಬುದು ಅವನಿಗೆ ಯಾವ ಕ್ಷಣದಲ್ಲಿ ಮೈಗೆ ತಾಗುತ್ತದೆ? ಓಬ್ರಿಯನ್ ಇದಕ್ಕೂ ಉತ್ತರ ಕೊಟ್ಟಿದ್ದಾನೆ: ಬರಿಯ ವಿಧೇಯತೆ ಸಾಲದು, ಎದುರಿನವನು ನೋಯದಿದ್ದರೆ ಅವನು ನಡೆಯುತ್ತಿರುವುದು ನಿನ್ನ ಇಚ್ಛೆಯಂತೆಯೋ ತನ್ನ ಇಚ್ಛೆಯಂತೆಯೋ ಗೊತ್ತಾಗುವುದು ಹೇಗೆ? ಅದಕ್ಕಾಗಿಯೇ ನಾಲ್ಕು ಬೆರಳು ತೋರಿಸಿ ಐದು ಎನ್ನಿಸುವ ಆಟ.

ನಾನು ಇದನ್ನು ಪುಸ್ತಕಕ್ಕಿಂತ ಮೊದಲು ಒಂದು ಕಚೇರಿಯಲ್ಲಿ ಕಂಡೆ. ಹತ್ತು ವರ್ಷದವನಿದ್ದಾಗ, ಪಹಣಿಯ ತಿದ್ದುಪಡಿಗಾಗಿ ತಂದೆಯ ಜೊತೆ ಹೋಗಿದ್ದೆ. ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಅಧಿಕಾರಿ ಲಂಚ ಕೇಳಲಿಲ್ಲ, ಗದರಲಿಲ್ಲ. ಸಹಿ ಹಾಕಲೆಂದು ಪೆನ್ನಿನ ಮುಚ್ಚಳ ತೆಗೆದು, ತಲೆಯೆತ್ತಿ ತಂದೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಮುಚ್ಚಳ ಹಾಕಿ, ನಾಳೆ ಬನ್ನಿ ಎಂದರು. ಲಂಚ ಕೇಳಿದ್ದರೆ ತಂದೆಗೆ ಅಷ್ಟು ನೋವಾಗುತ್ತಿರಲಿಲ್ಲ ಎಂದು ಈಗಲೂ ನನಗನ್ನಿಸುತ್ತದೆ, ಏಕೆಂದರೆ ಲಂಚಕ್ಕೆ ಒಂದು ಮೊತ್ತವಿರುತ್ತದೆ, ಕೊಟ್ಟರೆ ಮುಗಿಯುತ್ತದೆ.

ಇನ್ನೊಂದು ವಿಷಯವನ್ನು ನೀವು ಬಿಟ್ಟಿದ್ದೀರಿ. ಅಧ್ಯಕ್ಷಗಿರಿ ಸಿಗುವವರೆಗಿನ ಕಥೆಯನ್ನು ಹುರುಪಿನಿಂದ ಹೇಳಿ, ಸಿಕ್ಕ ಮೇಲೆ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮರೆತಿದ್ದೀರಿ. ಶೇಕ್ಸ್‌ಪಿಯರನ ನಾಟಕದಲ್ಲಿ ರಾಜನನ್ನು ಕೊಂದು ಗದ್ದುಗೆಯೇರುವ ಮ್ಯಾಕ್‌ಬೆತ್ ನಮ್ಮನ್ನು ಹಿಡಿದಿಡುವುದು ಕಿರೀಟ ಧರಿಸಿದ ನಂತರ. ರಾಜನಾಗಿರುವುದು ಏನೇನೂ ಅಲ್ಲ, ನಿರ್ಭಯನಾಗಿ ರಾಜನಾಗಿರಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡ ಮೇಲೆ ಗೆಳೆಯ ಬ್ಯಾಂಕೋ ಸಾಯುತ್ತಾನೆ, ಎದುರು ನಿಂತ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳು ಸಾಯುತ್ತಾರೆ. ಆರ್ವೆಲ್ಲನಿಗೂ ಈ ಅಂಜಿಕೆಯ ಪರಿಚಯವಿತ್ತು. 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವನು ಅವನು. ಆನೆಗೆ ಗುಂಡಿಟ್ಟದ್ದನ್ನು ಕುರಿತ ಅವನ 1936ರ ಪ್ರಬಂಧದ ನಿರೂಪಕನೂ ಅಂಥದೇ ಅಧಿಕಾರಿ. ಆನೆಯ ಮದ ಇಳಿದಿದೆ, ಅದು ಶಾಂತವಾಗಿ ಹುಲ್ಲು ತಿನ್ನುತ್ತಿದೆ, ಕೊಲ್ಲುವ ಮನಸ್ಸು ಅವನಿಗೆ ಇಲ್ಲವೇ ಇಲ್ಲ. ಆದರೆ ಬೆನ್ನ ಹಿಂದೆ ಎರಡು ಸಾವಿರಕ್ಕೂ ಮಿಕ್ಕ ಜನ ನೋಡುತ್ತಿದ್ದಾರೆ. ಅವರ ಮುಂದೆ ನಗೆಪಾಟಲಾಗಬಾರದೆಂದು ಕೊಲ್ಲುತ್ತಾನೆ. ನಿಮ್ಮ ಅಧ್ಯಕ್ಷನನ್ನೂ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಸಾಲು ಪ್ರತಿ ಬೆಳಗ್ಗೆ ನೋಡುತ್ತಿರುತ್ತದೆ.

ಮೂರನೆಯ ಅಧ್ಯಾಯದಲ್ಲಿ ಅರ್ಧ ಪುಟದಲ್ಲಿ ಮುಗಿಸಿರುವ ಆ ವಿಧವೆಯ ಪ್ರಸಂಗಕ್ಕೆ ಹಿಂತಿರುಗಿ. ನೀರು ಬೆರೆತಿಲ್ಲವೆಂದು ತೋರಿಸುವ ಡಿಗ್ರಿ ಹಾಲಿಗೆ ಸರಿಯಾಗಿ ಬಂದಿದೆ, ಸಾಲಿನಲ್ಲಿದ್ದವರೆಲ್ಲ ಕಂಡಿದ್ದಾರೆ, ಆದರೂ ಡಿಗ್ರಿ ಬಂದಿಲ್ಲ ಎನ್ನುತ್ತಾನೆ ಅಧ್ಯಕ್ಷ. ಸದ್ಯ ನೀವು ಅವಳನ್ನು ಅಳುತ್ತ ಮನೆಗೆ ಕಳುಹಿಸಿದ್ದೀರಿ. ಕಳುಹಿಸಬೇಡಿ. ಅವಳು ಅಲ್ಲೇ ನಿಲ್ಲಲಿ, ನಾನೇ ನೀರು ಬೆರೆಸಿದ್ದೆ ಸ್ವಾಮಿ ಎಂದು ಮಾಡದ ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳಲಿ. ಆಗ ಅವನು ಹಾಲನ್ನು ಪೂರ್ತಿ ಬೆಲೆಗೆ ತೆಗೆದುಕೊಳ್ಳಲಿ. ಮರುದಿನ ಅವಳು ಅವನು ಕೇಳುವ ಮೊದಲೇ ತಲೆ ತಗ್ಗಿಸಿ, ಇವತ್ತೂ ನೀರು ಬೆರೆಸಿದ್ದೇನೆ ಎನ್ನಲಿ. ಆ ಮಾತು ಕೇಳಿದಾಗ ಅವನಿಗೆ ನಿನ್ನೆಯ ರುಚಿ ಸಿಗಬಾರದು. ಅವನ ಕಣ್ಣು ಸಾಲಿನಲ್ಲಿ ಇನ್ನೊಬ್ಬರನ್ನು ಹುಡುಕಬೇಕು. ಅದು ಯಾರು ಎಂಬುದನ್ನು ಬರೆದು ಕಳುಹಿಸಿ, ಏಳನೆಯ ಅಧ್ಯಾಯದ ಜಾಗ ಅದಕ್ಕಾಗಿ ಖಾಲಿ ಇರಲಿ.

ಇಂತು ನಿಮ್ಮ ಹಿತೈಷಿ