ಅಜ್ಜನ ಮನೆ ವಿಳಾಸ ಕೊಟ್ಟದ್ದಕ್ಕೆ ಜೈಲು

ಮಾನ್ಯ ಸಂಪಾದಕರೇ,

ಇಲ್ಲಿ ಅಮೆರಿಕದಲ್ಲಿ ಮಗು ಯಾವ ಸರ್ಕಾರಿ ಶಾಲೆಗೆ ಹೋಗಬೇಕು ಅನ್ನುವುದನ್ನು ಹೆಚ್ಚಾಗಿ ಮನೆಯ ವಿಳಾಸವೇ ನಿರ್ಧರಿಸುತ್ತದೆ. ಶಾಲೆಯ ಖರ್ಚಿನ ದೊಡ್ಡ ಪಾಲು ಆಸ್ತಿ ತೆರಿಗೆಯಿಂದ ಬರುತ್ತದೆ. ಹಾಗಾಗಿ ದುಬಾರಿ ಮನೆಗಳಿರುವ ಕಡೆ ಶಾಲೆಗೆ ದುಡ್ಡೂ ಜಾಸ್ತಿ. ನಾವು ಕನ್ನಡದವರೂ ಮನೆ ಹುಡುಕುವಾಗ ಮೊದಲು ಶಾಲೆಯನ್ನೇ ನೋಡುತ್ತೇವೆ, ಅಲ್ವಾ? ಹಣ ಇರುವವರು ವಿಳಾಸವನ್ನೇ ಕೊಂಡುಕೊಳ್ಳುತ್ತಾರೆ. ಇಲ್ಲದವರು ಏನು ಮಾಡಬೇಕು?

ಓಹಾಯೊ ರಾಜ್ಯದ ಆಕ್ರನ್ ನಗರದ ಕೆಲ್ಲಿ ವಿಲಿಯಮ್ಸ್-ಬೋಲಾರ್ ತಮ್ಮ ತಂದೆಯ ವಿಳಾಸ ಕೊಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಪಕ್ಕದ ಊರಿನ ಶಾಲೆಗೆ ಸೇರಿಸಿದ್ದರು. ಅದಕ್ಕಾಗಿ 2011ರಲ್ಲಿ 9 ದಿನ ಜೈಲಿನಲ್ಲಿದ್ದರು. ಸುಳ್ಳು ಹೇಳಿದ್ದು ತಪ್ಪೇ, ಒಪ್ಪುತ್ತೇನೆ. ಆದರೆ ಓಹಾಯೊದ ಶಾಲೆಗಳಿಗೆ ಹಣ ಹಂಚುವ ಕ್ರಮವೇ ಸಂವಿಧಾನಕ್ಕೆ ವಿರುದ್ಧ ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿತ್ತು. ಆ ತಪ್ಪಿಗೆ ಯಾರೂ ಜೈಲಿಗೆ ಹೋಗಲಿಲ್ಲ.

– ಒಬ್ಬ ಕನ್ನಡತಿ, ಅಮೆರಿಕ